ಬಹು ಆಟಗಾರರ ಆನ್‌ಲೈನ್ ಪಾತ್ರಧಾರಿ ಆಟಗಳು

ಬಹು ಆಟಗಾರರ ಆನ್‌ಲೈನ್ ಪಾತ್ರಧಾರಿ ಆಟಗಳು ಎಂದರೆ ಅಂತರಜಾಲದ ಮೂಲಕ ಸಾವಿರಾರು ಜನರು ಏಕಕಾಲದಲ್ಲಿ ಒಂದೇ ಕಲ್ಪಿತ ಲೋಕವನ್ನು ಪ್ರವೇಶಿಸಿ, ತಾವು ಆಯ್ದುಕೊಂಡ ಪಾತ್ರಗಳ ರೂಪದಲ್ಲಿ ಆಡುವ ಗಣಕ ಆಟಗಳು. ಆಟಗಾರರ ವಲಯದಲ್ಲಿ ಇವುಗಳನ್ನು ಎಂಎಂಒಆರ್‌ಪಿಜಿ ಎಂಬ ಸಂಕ್ಷಿಪ್ತ ಹೆಸರಿನಿಂದ ಕರೆಯುವುದು ರೂಢಿ. ಅಲ್ಟಿಮಾ ಆನ್‌ಲೈನ್, ಎವರ್‌ಕ್ವೆಸ್ಟ್, ರೂನ್‌ಸ್ಕೇಪ್, ಈವ್ ಆನ್‌ಲೈನ್, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಮತ್ತು ಫೈನಲ್ ಫ್ಯಾಂಟಸಿ 14 ಈ ಪ್ರಕಾರದ ಪ್ರಸಿದ್ಧ ಆಟಗಳು. ಉಳಿದ ವಿಡಿಯೋ ಆಟಗಳಿಂದ ಇವುಗಳನ್ನು ಬೇರ್ಪಡಿಸುವ ಗುಣಗಳು ಮುಖ್ಯವಾಗಿ ಎರಡು. ಮೊದಲನೆಯದಾಗಿ, ಪರದೆಯ ಮೇಲೆ ಕಾಣುವ ಪಾತ್ರಗಳಲ್ಲಿ ಹಲವುಗಳ ಹಿಂದೆ ನಿಜವಾದ ಮನುಷ್ಯರಿರುತ್ತಾರೆ. ಎರಡನೆಯದಾಗಿ, ಒಬ್ಬ ಆಟಗಾರ ಗಣಕಯಂತ್ರವನ್ನು ಮುಚ್ಚಿ ಎದ್ದುಹೋದರೂ ಆ ಲೋಕ ನಿಲ್ಲದೆ ನಡೆಯುತ್ತಿರುತ್ತದೆ. ಈ ಆಟಗಳು ಕೊಡುವ ಸಂತೋಷವೂ ತಂದೊಡ್ಡುವ ಸಂಕಟವೂ ಬಹುಮಟ್ಟಿಗೆ ಈ ಎರಡು ಗುಣಗಳಿಂದಲೇ ಹುಟ್ಟುತ್ತವೆ.

ಸ್ವರೂಪ

ಆಟವನ್ನು ಆರಂಭಿಸುವವರು ಮೊದಲಿಗೆ ತಮ್ಮ ಪಾತ್ರವನ್ನು ರೂಪಿಸಿಕೊಳ್ಳಬೇಕು. ಪಾತ್ರದ ಹೆಸರು, ರೂಪ, ಕುಲ ಮತ್ತು ವೃತ್ತಿಗಳು ಸಾಮಾನ್ಯವಾಗಿ ಆಟಗಾರರ ಆಯ್ಕೆಗೆ ಬಿಟ್ಟವು. ಯೋಧ, ಮಾಂತ್ರಿಕ, ಬಿಲ್ಲುಗಾರ, ವೈದ್ಯ ಮೊದಲಾದ ವೃತ್ತಿಗಳು ಹೆಚ್ಚಿನ ಆಟಗಳಲ್ಲಿ ಕಂಡುಬರುತ್ತವೆ. ಆಟದೊಳಗೆ ಕ್ವೆಸ್ಟ್ ಎಂದು ಕರೆಯುವ ಕಾರ್ಯಗಳನ್ನು ಪೂರೈಸಿದಂತೆ ಪಾತ್ರಕ್ಕೆ ಅನುಭವದ ಅಂಕಗಳು ಸೇರುತ್ತವೆ. ಅಂಕಗಳು ಹೆಚ್ಚಿದಂತೆ ಪಾತ್ರವು ಮುಂದಿನ ಲೆವೆಲ್‌ಗೆ ಏರಿ ಹೊಸ ಶಕ್ತಿ, ಆಯುಧ ಮತ್ತು ಉಡುಪುಗಳನ್ನು ಪಡೆಯುತ್ತದೆ.

ಚಿಕ್ಕಪುಟ್ಟ ಕಾರ್ಯಗಳನ್ನು ಒಬ್ಬರೇ ಮಾಡಿ ಮುಗಿಸಬಹುದು. ಆದರೆ ಬಲಶಾಲಿಯಾದ ಶತ್ರುಗಳನ್ನು ಸೋಲಿಸಲು ತಂಡ ಬೇಕು. ತಂಡದಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಹೊಣೆಗಳಿರುತ್ತವೆ. ಶತ್ರುವಿನ ಹೊಡೆತವನ್ನು ತನ್ನ ಮೇಲೆ ಎಳೆದುಕೊಂಡು ಉಳಿದವರನ್ನು ಕಾಯುವವನು ಟ್ಯಾಂಕ್. ಗಾಯಗೊಂಡವರನ್ನು ಚೇತರಿಸುವವನು ಹೀಲರ್. ಉಳಿದವರ ಕೆಲಸ ಶತ್ರುವಿನ ಮೇಲೆ ದಾಳಿ ಮಾಡುವುದು. ಇವರಲ್ಲಿ ಯಾರೊಬ್ಬರು ನಡುವೆ ಕೈಬಿಟ್ಟರೂ ಇಡೀ ತಂಡ ಸೋಲುವ ಸಂಭವವಿರುತ್ತದೆ. ಹೀಗೆ ಒಟ್ಟಾಗಿ ಆಡುವವರು ಕಟ್ಟಿಕೊಳ್ಳುವ ಶಾಶ್ವತ ಸಂಘಕ್ಕೆ ಗಿಲ್ಡ್ ಎಂದೂ, ಅವರು ಸಮಯ ಗೊತ್ತುಪಡಿಸಿಕೊಂಡು ನಡೆಸುವ ದೊಡ್ಡ ದಾಳಿಗೆ ರೇಡ್ ಎಂದೂ ಹೆಸರು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಆರಂಭದ ವರ್ಷಗಳಲ್ಲಿ ದೊಡ್ಡ ರೇಡ್‌ಗಳಿಗೆ 40 ಆಟಗಾರರ ತಂಡವಿರುತ್ತಿತ್ತು.

ಇತಿಹಾಸ

ಪಾತ್ರಧಾರಿ ಆಟಗಳ ಮೂಲ ಗಣಕಯಂತ್ರದಲ್ಲಿಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ ಆಟವನ್ನು ಮೇಜಿನ ಸುತ್ತ ಕುಳಿತು ದಾಳ, ಕಾಗದ ಮತ್ತು ಮಾತಿನ ನೆರವಿನಿಂದ ಆಡಲಾಗುತ್ತಿತ್ತು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ ಹಲವರು ಒಟ್ಟಿಗೆ ಆಡಬಹುದಾದ ಮಡ್ ಎಂಬ ಗಣಕ ಆಟವನ್ನು ಆರಂಭಿಸಿದರು. ಸಹಪಾಠಿ ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿ ಬೆಳೆಸಿದರು. ಈ ಆಟದಲ್ಲಿ ಚಿತ್ರಗಳಿರಲಿಲ್ಲ. ಸ್ಥಳದ ವರ್ಣನೆ, ಆಟಗಾರರ ಚಲನೆ, ಪರಸ್ಪರ ಸಂಭಾಷಣೆ ಎಲ್ಲವೂ ಅಕ್ಷರಗಳಲ್ಲೇ ನಡೆಯುತ್ತಿದ್ದವು.

1997ರಲ್ಲಿ ಬಿಡುಗಡೆಯಾದ ಅಲ್ಟಿಮಾ ಆನ್‌ಲೈನ್ ಈ ಪ್ರಕಾರವನ್ನು ಜನಪ್ರಿಯಗೊಳಿಸಿತು. 1998ರಲ್ಲಿ ದಕ್ಷಿಣ ಕೊರಿಯಾದ ಲಿನಿಯೇಜ್, 1999ರಲ್ಲಿ ಎವರ್‌ಕ್ವೆಸ್ಟ್, 2001ರಲ್ಲಿ ಇಂಗ್ಲೆಂಡಿನ ರೂನ್‌ಸ್ಕೇಪ್, 2003ರಲ್ಲಿ ಐಸ್‌ಲ್ಯಾಂಡಿನ ಈವ್ ಆನ್‌ಲೈನ್ ಬಂದವು. ರೂನ್‌ಸ್ಕೇಪನ್ನು ಬ್ರೌಸರ್‌ನಲ್ಲಿಯೇ ಉಚಿತವಾಗಿ ಆಡಬಹುದಾಗಿದ್ದುದರಿಂದ ಸಾಧಾರಣ ಗಣಕಯಂತ್ರವಿದ್ದವರಿಗೂ ಅದು ಎಟುಕಿತು. 2004ರ ನವೆಂಬರ್ 23ರಂದು ಬಿಡುಗಡೆಯಾದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2010ರ ವೇಳೆಗೆ 1.2 ಕೋಟಿ ಚಂದಾದಾರರನ್ನು ಹೊಂದಿತ್ತು.

ಕರಾವಳಿಯ ಕಲೆಗಳೊಂದಿಗೆ ಹೋಲಿಕೆ

ವೇಷ ತೊಟ್ಟು ಇನ್ನೊಬ್ಬರಾಗುವ ಆನಂದ ಕರಾವಳಿ ಕರ್ನಾಟಕದ ಜನರಿಗೆ ಹೊಸತಲ್ಲ. ಯಕ್ಷಗಾನದ ಮತ್ತೊಂದು ರೂಪವಾದ ತಾಳಮದ್ದಳೆಯನ್ನು ಈ ಆಟಗಳೊಂದಿಗೆ ಹೋಲಿಸಬಹುದು. ತಾಳಮದ್ದಳೆಯಲ್ಲಿ ವೇಷಭೂಷಣವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯವನ್ನು ಹಾಡಿದ ಬಳಿಕ ಅರ್ಥಧಾರಿಗಳು ಕರ್ಣನಾಗಿಯೋ ಕೃಷ್ಣನಾಗಿಯೋ ಆಶುವಾಗಿ ಮಾತನಾಡುತ್ತಾರೆ. ಅಧ್ಯಾಪಕರು, ಕೃಷಿಕರು, ವಕೀಲರು ಹವ್ಯಾಸಿ ಅರ್ಥಧಾರಿಗಳಾಗಿ ಇದರಲ್ಲಿ ಭಾಗವಹಿಸುವುದುಂಟು. ಕಥೆಯ ಚೌಕಟ್ಟು ಮೊದಲೇ ಗೊತ್ತಿರುತ್ತದೆ. ಆದರೆ ಅಂದಿನ ಮಾತಿನ ಸೊಗಸು ಎದುರಾಳಿಯ ಮಾತನ್ನು ಅವಲಂಬಿಸಿರುತ್ತದೆ. ಆನ್‌ಲೈನ್ ಆಟದಲ್ಲಿಯೂ ಲೋಕವನ್ನು ರಚಿಸಿಕೊಡುವುದು ತಯಾರಕ ಸಂಸ್ಥೆಯಾದರೂ ಅದಕ್ಕೆ ಜೀವ ತುಂಬುವವರು ಜೊತೆಗಾರರು.

ಮುಖ್ಯವಾದ ಭೇದವಿರುವುದು ಮುಕ್ತಾಯದಲ್ಲಿ. ಯಕ್ಷಗಾನ ಪ್ರಸಂಗ ಮಂಗಳದೊಂದಿಗೆ ಮುಗಿಯುತ್ತದೆ. ತಿರುಗಾಟದ ಮೇಳಗಳು ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚಿ, ಮಳೆಗಾಲ ಕಳೆದ ಮೇಲೆ ಮತ್ತೆ ಹೊರಡುತ್ತವೆ. ಇಡೀ ರಾತ್ರಿಯ ಆಟಗಳ ಜಾಗದಲ್ಲಿ ಇತ್ತೀಚಿನ ವರ್ಷಗಳಲ್ಲಿ ಕಾಲಮಿತಿ ಯಕ್ಷಗಾನವೂ ರೂಢಿಗೆ ಬಂದಿದೆ. ಆನ್‌ಲೈನ್ ಲೋಕದಲ್ಲಿ ಮಂಗಳ ಹಾಡುವವರಿಲ್ಲ. ಒಂದು ಕಾರ್ಯ ಮುಗಿದರೆ ಮತ್ತೊಂದು ಕಾದಿರುತ್ತದೆ. ಗರಿಷ್ಠ ಲೆವೆಲ್ ತಲುಪಿದವರಿಗೆ ತಯಾರಕರು ಹೊಸ ಭೂಖಂಡವನ್ನೇ ಸೇರಿಸಿ ಕೊಡುತ್ತಾರೆ. ಆದುದರಿಂದ ಇಲ್ಲಿ ಕಾಲಮಿತಿಯನ್ನು ಆಡುವವರೇ ಹಾಕಿಕೊಳ್ಳಬೇಕಾಗುತ್ತದೆ.

ಆಟಗಾರರಿಗೆ ದೊರೆಯುವ ಫಲಗಳು

ಮಡ್ ಆಟವನ್ನು ಬೆಳೆಸಿದ ರಿಚರ್ಡ್ ಬಾರ್ಟಲ್ 1996ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಆಟಗಾರರನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದರು: ಗುರಿ ಸಾಧಿಸುವುದರಲ್ಲಿ ಆಸಕ್ತರು, ಲೋಕವನ್ನು ಅನ್ವೇಷಿಸುವವರು, ಇತರರ ಒಡನಾಟವನ್ನು ಬಯಸುವವರು ಮತ್ತು ಇತರರನ್ನು ಸೋಲಿಸಿ ಕಾಡುವುದರಲ್ಲಿ ಸುಖ ಕಾಣುವವರು. ಒಂದೇ ಆಟವು ಬೇರೆ ಬೇರೆ ಜನರಿಗೆ ಬೇರೆ ಬೇರೆ ಕಾರಣಗಳಿಂದ ಪ್ರಿಯವಾಗುತ್ತದೆ ಎಂಬುದನ್ನು ಈ ವಿಂಗಡಣೆ ತೋರಿಸಿಕೊಟ್ಟಿತು.

ಮೊದಲನೆಯ ಫಲ ಸಾಧನೆಯ ತೃಪ್ತಿ. ಈ ಆಟಗಳಲ್ಲಿ ಪಟ್ಟ ಶ್ರಮಕ್ಕೆ ಪ್ರತಿಫಲ ನಿಶ್ಚಿತವಾಗಿಯೂ ಬೇಗನೆಯೂ ದೊರೆಯುತ್ತದೆ. ಇಷ್ಟು ಕಾರ್ಯ ಮಾಡಿದರೆ ಇಷ್ಟು ಅಂಕ ಎಂಬ ಲೆಕ್ಕ ಸ್ಪಷ್ಟವಾಗಿರುತ್ತದೆ. ಪರೀಕ್ಷೆಯ ಫಲಿತಾಂಶಕ್ಕೆ ತಿಂಗಳುಗಟ್ಟಲೆ ಕಾಯುವ ವಿದ್ಯಾರ್ಥಿಗೆ, ಓದಿದ್ದು ಫಲಿಸುವುದೋ ಇಲ್ಲವೋ ಎಂಬ ಸಂದೇಹದಲ್ಲಿರುವ ತರುಣನಿಗೆ ಈ ನಿಶ್ಚಿತತೆ ದೊಡ್ಡ ಆಕರ್ಷಣೆ.

ಎರಡನೆಯದು ಸಹಕಾರದ ಕಲಿಕೆ. ರೇಡ್ ನಡೆಸುವ ಗಿಲ್ಡ್‌ನ ನಾಯಕನು ಬೇರೆ ಬೇರೆ ಊರುಗಳ, ಬೇರೆ ಬೇರೆ ವಯಸ್ಸಿನ ಜನರನ್ನು ಒಂದೇ ಹೊತ್ತಿಗೆ ಸೇರಿಸಿ, ಹೊಣೆಗಳನ್ನು ಹಂಚಿ, ಸೋತಾಗ ತಪ್ಪನ್ನು ಗುರುತಿಸಿ, ಯಾರನ್ನೂ ನೋಯಿಸದೆ ತಿದ್ದಬೇಕಾಗುತ್ತದೆ. ದೊರೆತ ಸಂಪತ್ತನ್ನು ನ್ಯಾಯವಾಗಿ ಹಂಚುವುದಕ್ಕಾಗಿ ಎವರ್‌ಕ್ವೆಸ್ಟ್‌ನ ಆಟಗಾರರು ಡ್ರ್ಯಾಗನ್ ಕಿಲ್ ಪಾಯಿಂಟ್ಸ್ ಎಂಬ ಅಂಕ ಪದ್ಧತಿಯನ್ನು ತಾವೇ ರೂಪಿಸಿಕೊಂಡರು. ದಾಳಿಗಳಲ್ಲಿ ಪಾಲ್ಗೊಂಡಷ್ಟೂ ಅಂಕ ಕೂಡುತ್ತದೆ. ಆ ಅಂಕವನ್ನು ವ್ಯಯಿಸಿ ಬೇಕಾದ ವಸ್ತುವನ್ನು ಪಡೆಯಬಹುದು. ಮುಂದೆ ಇತರ ಆಟಗಳ ಗಿಲ್ಡ್‌ಗಳೂ ಇದನ್ನು ಅಳವಡಿಸಿಕೊಂಡವು.

ಮೂರನೆಯದು ಭಾಷೆ. ಮೇಲೆ ಹೆಸರಿಸಿದ ಆಟಗಳಲ್ಲಿ ಯಾವುದಕ್ಕೂ ಕನ್ನಡದ ಅಧಿಕೃತ ಆವೃತ್ತಿಯಿಲ್ಲ. ಕನ್ನಡದ ಆಟಗಾರರು ಕಾರ್ಯಗಳ ವಿವರಣೆಯನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿಯೇ ಓದಿ, ಸಹ ಆಟಗಾರರೊಂದಿಗೆ ಇಂಗ್ಲಿಷಿನಲ್ಲಿಯೇ ವ್ಯವಹರಿಸುತ್ತಾರೆ. ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇದು ಆರಂಭದಲ್ಲಿ ಅಡ್ಡಿಯಾದರೂ, ತಪ್ಪಿದರೆ ನಗುವವರಿಲ್ಲವೆಂಬ ಧೈರ್ಯದಿಂದ ಭಾಷೆಯನ್ನು ಬಳಸುವ ಅವಕಾಶವೂ ಆಗಬಲ್ಲದು. ಕನ್ನಡದಲ್ಲಿಯೇ ಅಂಥ ಲೋಕವೊಂದು ಇಲ್ಲದಿರುವುದು ಮಾತ್ರ ಕೊರತೆಯೇ ಸರಿ.

ನಾಲ್ಕನೆಯದು ಮತ್ತು ಬಹುಶಃ ಎಲ್ಲಕ್ಕಿಂತ ಮುಖ್ಯವಾದದ್ದು ಸ್ನೇಹ. ಇದಕ್ಕೆ ನಾರ್ವೆಯ ಮಾಟ್ಸ್ ಸ್ಟೀನ್ ಅವರ ಬದುಕು ಪ್ರಸಿದ್ಧ ನಿದರ್ಶನ. ಸ್ನಾಯುಗಳು ಕ್ರಮೇಣ ಶಕ್ತಿ ಕಳೆದುಕೊಳ್ಳುವ ಡುಷೆನ್ ಎಂಬ ಆನುವಂಶಿಕ ರೋಗದಿಂದ ಬಳಲುತ್ತಿದ್ದ ಅವರು ಗಾಲಿಕುರ್ಚಿಯಲ್ಲಿ ಕುಳಿತು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡುತ್ತಿದ್ದರು. 2014ರಲ್ಲಿ, 25ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮಗ ಏಕಾಂಗಿಯಾಗಿಯೇ ಬದುಕಿ ಹೋದನೆಂದು ತಂದೆತಾಯಿ ದುಃಖಿಸುತ್ತಿದ್ದರು. ಅವರ ಬ್ಲಾಗ್‌ನಲ್ಲಿ ನಿಧನದ ಸುದ್ದಿಯನ್ನು ಪ್ರಕಟಿಸಿದಾಗ ಹಲವು ದೇಶಗಳಿಂದ ಸಂತಾಪದ ಪತ್ರಗಳು ಬಂದವು. ಇಬೆಲಿನ್ ಎಂಬ ಪಾತ್ರದ ಮೂಲಕ ಅವರು ಅನೇಕರ ಕಷ್ಟಕಾಲದಲ್ಲಿ ಜೊತೆಗಿದ್ದರೆಂಬುದು ಮನೆಯವರಿಗೆ ತಿಳಿದದ್ದು ಆಗಲೇ. ಅವರ ಗಿಲ್ಡ್‌ನ ಕೆಲವು ಸದಸ್ಯರು ಅಂತ್ಯಕ್ರಿಯೆಗೂ ಬಂದರು. ಈ ಕುರಿತು ಬೆಂಜಮಿನ್ ರೀ ನಿರ್ದೇಶಿಸಿದ ಸಾಕ್ಷ್ಯಚಿತ್ರ 2024ರಲ್ಲಿ ತೆರೆಕಂಡಿತು.

ವಿಜ್ಞಾನಕ್ಕೂ ಈ ಲೋಕಗಳಿಂದ ಉಪಯೋಗವಾದದ್ದುಂಟು. 2005ರ ಸೆಪ್ಟೆಂಬರ್‌ನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನೊಳಗೆ ಒಂದು ಕಲ್ಪಿತ ಸಾಂಕ್ರಾಮಿಕ ರೋಗ ತಯಾರಕರ ಎಣಿಕೆಯನ್ನು ಮೀರಿ ಹರಡಿತು. ಕೆಲವರು ಊರು ಬಿಟ್ಟು ಓಡಿದರು, ಕೆಲವರು ರೋಗಿಗಳ ಆರೈಕೆಗೆ ನಿಂತರು, ಕೆಲವರು ಬೇಕೆಂದೇ ರೋಗ ಹರಡಿದರು. ಎರಿಕ್ ಲಾಫ್‌ಗ್ರೆನ್ ಮತ್ತು ನೀನಾ ಫೆಫರ್‌ಮನ್ 2007ರಲ್ಲಿ ಲ್ಯಾನ್ಸೆಟ್ ಇನ್ಫೆಕ್ಷಿಯಸ್ ಡಿಸೀಸಸ್ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ಸಾಂಕ್ರಾಮಿಕದ ಸಂದರ್ಭದಲ್ಲಿ ಮನುಷ್ಯರ ವರ್ತನೆಯನ್ನು ಅರಿಯಲು ಇಂಥ ಲೋಕಗಳು ನೆರವಾಗಬಲ್ಲವೆಂದು ವಾದಿಸಿದರು.

ತೊಡಕುಗಳು ಮತ್ತು ನಿರಾಶೆಗಳು

ಪುನರಾವರ್ತನೆ: ಮುಂದಿನ ಲೆವೆಲ್ ತಲುಪಲು ಒಂದೇ ಬಗೆಯ ಕೆಲಸವನ್ನು ನೂರಾರು ಬಾರಿ ಮಾಡಬೇಕಾಗುವುದನ್ನು ಆಟಗಾರರು ಗ್ರೈಂಡ್ ಎನ್ನುತ್ತಾರೆ. ಆರಂಭದಲ್ಲಿ ಬೇಗನೆ ದೊರೆಯುವ ಪ್ರತಿಫಲ ಮುಂದೆ ಹೋದಂತೆ ವಿರಳವಾಗುತ್ತದೆ. ಅಪರೂಪದ ವಸ್ತುಗಳು ಅದೃಷ್ಟವನ್ನು ಅವಲಂಬಿಸಿರುವುದರಿಂದ, ವಾರಗಟ್ಟಲೆ ಪ್ರಯತ್ನಿಸಿದರೂ ಕೈಗೆ ಬಾರದೆ ಹೋಗಬಹುದು.

ಇತರರ ಅವಲಂಬನೆ: ತಂಡದ ಹೀಲರ್ ಬಾರದಿದ್ದರೆ ರೇಡ್ ನಿಲ್ಲುತ್ತದೆ. ಒಬ್ಬರ ಅಜಾಗರೂಕತೆಯಿಂದ ಎಲ್ಲರ ಶ್ರಮ ವ್ಯರ್ಥವಾಗುತ್ತದೆ. ದೊರೆತ ವಸ್ತುಗಳ ಹಂಚಿಕೆಯಲ್ಲಿ ಜಗಳವಾಗಿ ಗಿಲ್ಡ್‌ಗಳೇ ಒಡೆದುಹೋಗುವುದುಂಟು. ಹೆಸರು ಮರೆಯಲ್ಲಿರುವ ಧೈರ್ಯದಿಂದ ಹೊಸಬರನ್ನು ನಿಂದಿಸುವವರೂ, ಹುಡುಗಿಯೆಂದು ಗೊತ್ತಾದೊಡನೆ ಕಿರುಕುಳ ಕೊಡುವವರೂ ಇರುತ್ತಾರೆ.

ದೂರ: ಆಟಗಾರನ ಆಜ್ಞೆ ಸರ್ವರ್ ತಲುಪಿ ಉತ್ತರ ಬರುವಲ್ಲಿ ಆಗುವ ವಿಳಂಬಕ್ಕೆ ಲ್ಯಾಗ್ ಎಂದು ಹೆಸರು. ಗಾಜಿನ ತಂತುವಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಚಲಿಸುತ್ತದೆ. ಅಲೆವೂರಿನಲ್ಲಿ ಕುಳಿತು ಜರ್ಮನಿಯ ಸರ್ವರ್‌ನಲ್ಲಿ ಆಡುವವರಿಗೆ ಹೋಗಿಬರುವ ದಾರಿ ನೇರವಾಗಿ ಅಳೆದರೂ 14,000 ಕಿ.ಮೀ.ಗಿಂತ ಹೆಚ್ಚು. ಎಂದರೆ, ಎಷ್ಟೇ ಒಳ್ಳೆಯ ಸಂಪರ್ಕವಿದ್ದರೂ ಕನಿಷ್ಠ 70 ಮಿಲಿಸೆಕೆಂಡು ವಿಳಂಬ ತಪ್ಪದು. ಸಮುದ್ರದಡಿಯ ಕೇಬಲ್‌ಗಳು ನೇರವಾಗಿ ಸಾಗದ ಕಾರಣ ವಾಸ್ತವದ ವಿಳಂಬ ಇದಕ್ಕಿಂತ ಸಾಕಷ್ಟು ಹೆಚ್ಚು. ಇದರ ಜೊತೆಗೆ ಕರಾವಳಿಯ ಮಳೆಗಾಲದಲ್ಲಿ ಗಾಳಿಮಳೆಗೆ ವಿದ್ಯುತ್ ಹೋದರೆ, ರೇಡ್‌ನ ನಡುವೆಯೇ ಆಟಗಾರನ ಪಾತ್ರ ನಿಶ್ಚಲವಾಗಿಬಿಡುತ್ತದೆ. ಕಾರಣ ತಿಳಿಯದ ವಿದೇಶದ ಜೊತೆಗಾರರು ಅವನು ಕೈಕೊಟ್ಟನೆಂದೇ ಭಾವಿಸಬಹುದು.

ಕಾಲವ್ಯತ್ಯಾಸ: ಜರ್ಮನಿಯಲ್ಲಿ ಚಳಿಗಾಲದ ರಾತ್ರಿ 8 ಗಂಟೆಯೆಂದರೆ ಭಾರತದಲ್ಲಿ ಮಧ್ಯರಾತ್ರಿ ಕಳೆದು 12.30. ಅಲ್ಲಿನವರು ಊಟ ಮುಗಿಸಿ ಆರಂಭಿಸುವ ಮೂರು ಗಂಟೆಗಳ ರೇಡ್ ಇಲ್ಲಿ ಮುಗಿಯುವುದು ಬೆಳಗಿನ ಜಾವ 3.30ಕ್ಕೆ. ಅದೇ ದಿನ ಬೆಳಿಗ್ಗೆ ಶಾಲೆಗೋ ಕಾಲೇಜಿಗೋ ಹೋಗಬೇಕಾದ ವಿದ್ಯಾರ್ಥಿಗೆ ಇದರ ಪರಿಣಾಮವೇನೆಂಬುದನ್ನು ವಿವರಿಸಬೇಕಾಗಿಲ್ಲ.

ಹಣ: ಕೆಲವು ಆಟಗಳಿಗೆ ಮಾಸಿಕ ಚಂದಾ ಇದೆ. ಉಚಿತವೆನ್ನುವ ಆಟಗಳು ಉಡುಪು, ಆಯುಧ ಅಥವಾ ಲೂಟ್ ಬಾಕ್ಸ್‌ಗಳ ಮಾರಾಟದಿಂದ ಹಣ ಗಳಿಸುತ್ತವೆ. ಲೂಟ್ ಬಾಕ್ಸ್ ಎಂದರೆ ಒಳಗೇನಿದೆಯೆಂದು ಗೊತ್ತಿಲ್ಲದೆ ಹಣ ಕೊಟ್ಟು ತೆರೆಯುವ ಪೆಟ್ಟಿಗೆ. ಕೆಲವು ಆಟಗಳ ಇಂಥ ಪೆಟ್ಟಿಗೆಗಳು ಜೂಜಿನ ಕಾನೂನನ್ನು ಉಲ್ಲಂಘಿಸುತ್ತವೆಂದು ಬೆಲ್ಜಿಯಂ 2018ರಲ್ಲಿ ತೀರ್ಮಾನಿಸಿತು.

ನಶ್ವರತೆ: ಆಟಗಾರ ವರ್ಷಗಟ್ಟಲೆ ಕಟ್ಟಿದ ಪಾತ್ರ ಅವನ ಸ್ವತ್ತಲ್ಲ, ಅದು ಇರುವುದು ಸಂಸ್ಥೆಯ ಸರ್ವರ್‌ನಲ್ಲಿ. 2004ರಲ್ಲಿ ಆರಂಭವಾದ ಸಿಟಿ ಆಫ್ ಹೀರೋಸ್ ಆಟವನ್ನು ಸಂಸ್ಥೆಯು 2012ರ ನವೆಂಬರ್ 30ರಂದು ಮುಚ್ಚಿದಾಗ ಆ ಲೋಕದ ಎಲ್ಲ ಪಾತ್ರಗಳೂ ಒಮ್ಮೆಗೇ ಇಲ್ಲವಾದವು. ಅಭಿಮಾನಿಗಳು ಮುಂದೆ ಅದನ್ನು ತಾವೇ ನಡೆಸತೊಡಗಿದರು. 2024ರಲ್ಲಿ ಅವರ ಒಂದು ತಂಡಕ್ಕೆ ಸಂಸ್ಥೆಯಿಂದ ಅಧಿಕೃತ ಪರವಾನಗಿಯೂ ದೊರೆಯಿತು.

ಅತಿಬಳಕೆ ಮತ್ತು ಆರೋಗ್ಯ

ಜೊತೆಗಾರರು ಕಾಯುತ್ತಿದ್ದಾರೆಂಬ ಹೊಣೆಯ ಭಾವನೆಯೂ, ತಾನಿಲ್ಲದಾಗಲೂ ಲೋಕ ಮುಂದೆ ಸಾಗುತ್ತಿದೆಯೆಂಬ ಆತಂಕವೂ ಆಟದಿಂದ ಎದ್ದುಬರುವುದನ್ನು ಕಷ್ಟವಾಗಿಸುತ್ತವೆ. ಬಹಳ ಹೊತ್ತು ಆಡುವುದೊಂದೇ ರೋಗದ ಲಕ್ಷಣವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರ ಜನವರಿ 1ರಿಂದ ಜಾರಿಗೆ ತಂದ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಗೇಮಿಂಗ್ ಡಿಸಾರ್ಡರ್ ಸೇರಿದೆ. ಅದರ ಲಕ್ಷಣಗಳು ಮೂರು: ಆಟದ ಮೇಲೆ ಹತೋಟಿ ತಪ್ಪುವುದು, ಬದುಕಿನ ಉಳಿದ ಆಸಕ್ತಿ ಮತ್ತು ನಿತ್ಯಕರ್ಮಗಳಿಗಿಂತ ಆಟವೇ ಮುಖ್ಯವಾಗುವುದು, ಹಾನಿಯಾಗುತ್ತಿದ್ದರೂ ಮುಂದುವರಿಸುವುದು. ಇದರಿಂದ ಕುಟುಂಬ, ವಿದ್ಯಾಭ್ಯಾಸ ಅಥವಾ ಉದ್ಯೋಗಕ್ಕೆ ಗಣನೀಯ ತೊಂದರೆಯಾಗಿರಬೇಕು ಮತ್ತು ಈ ಸ್ಥಿತಿ ಸಾಮಾನ್ಯವಾಗಿ 12 ತಿಂಗಳಾದರೂ ಕಂಡುಬಂದಿರಬೇಕು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಂತ್ರಜ್ಞಾನದ ಅತಿಬಳಕೆಯಿಂದ ಬಳಲುವವರಿಗಾಗಿ 2014ರಲ್ಲಿ ಶಟ್ ಕ್ಲಿನಿಕ್ ಆರಂಭವಾಯಿತು. ಸರ್ವಿಸ್ ಫಾರ್ ಹೆಲ್ದಿ ಯೂಸ್ ಆಫ್ ಟೆಕ್ನಾಲಜಿ ಎಂಬುದು ಅದರ ಪೂರ್ಣ ಹೆಸರು. ತಂತ್ರಜ್ಞಾನವನ್ನು ತ್ಯಜಿಸುವುದಲ್ಲ, ಆರೋಗ್ಯಕರವಾಗಿ ಬಳಸುವುದು ಗುರಿಯೆಂಬುದನ್ನು ಹೆಸರೇ ಸೂಚಿಸುತ್ತದೆ.

ಕಾನೂನು

ಮಕ್ಕಳ ಆಟದ ಅವಧಿಯನ್ನು ಕಾನೂನಿನಿಂದ ಮಿತಿಗೊಳಿಸುವ ಪ್ರಯತ್ನಗಳು ಹೊರದೇಶಗಳಲ್ಲಿ ನಡೆದಿವೆ. ದಕ್ಷಿಣ ಕೊರಿಯಾ 2011ರಲ್ಲಿ 16 ವರ್ಷದೊಳಗಿನವರಿಗೆ ಮಧ್ಯರಾತ್ರಿಯಿಂದ ಬೆಳಿಗ್ಗೆ 6ರವರೆಗೆ ಆನ್‌ಲೈನ್ ಆಟವನ್ನು ನಿರ್ಬಂಧಿಸಿತು. 2022ರಲ್ಲಿ ಆ ನಿಯಮವನ್ನು ಕೈಬಿಟ್ಟಿತು. ಚೀನಾ 2021ರಲ್ಲಿ 18 ವರ್ಷದೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ 8ರಿಂದ 9ರವರೆಗೆ ಮಾತ್ರ ಅವಕಾಶ ನೀಡಿತು.

ಕರ್ನಾಟಕದಲ್ಲಿ 2021ರ ಅಕ್ಟೋಬರ್ 5ರಂದು ಜಾರಿಗೆ ಬಂದ ಪೊಲೀಸ್ ತಿದ್ದುಪಡಿ ಕಾಯ್ದೆ ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. ಅದರ ಮುಖ್ಯ ವಿಧಿಗಳನ್ನು ಕರ್ನಾಟಕ ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಪಡಿಸಿತು. ಬಳಿಕ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಅದು ಹಣದ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆ ಮತ್ತು ಸಾಮಾಜಿಕ ಆಟಗಳನ್ನು ಪ್ರತ್ಯೇಕವಾಗಿ ಗುರುತಿಸುತ್ತದೆ. ಈ ಎರಡೂ ಕಾಯ್ದೆಗಳ ಗುರಿ ಪಣದ ಆಟಗಳೇ ಹೊರತು, ಪಾತ್ರ ವಹಿಸಿ ಆಡುವುದಲ್ಲ. ಎಂದರೆ, ಪಾತ್ರಧಾರಿ ಆಟಗಳಲ್ಲಿ ಎಷ್ಟು ಹೊತ್ತು ಕಳೆಯಬೇಕೆಂಬ ನಿರ್ಧಾರ ಮನೆಗೇ ಬಿಟ್ಟದ್ದು.

ವಿದ್ಯಾರ್ಥಿಗಳು ಮತ್ತು ಪಾಲಕರು ಗಮನಿಸಬೇಕಾದ ಅಂಶಗಳು

ಈ ಆಟಗಳನ್ನು ಒಬ್ಬರ ಇಚ್ಛೆಯಂತೆ ನಡುವೆ ತಡೆಹಿಡಿಯಲಾಗದು. ರೇಡ್‌ನ ಮಧ್ಯದಲ್ಲಿ ಮಗುವನ್ನು ಊಟಕ್ಕೆ ಕರೆದಾಗ ಅದು ಕೂಡಲೇ ಏಳದಿರುವುದು ಹಟವೇ ಆಗಿರಬೇಕಾಗಿಲ್ಲ; ಜೊತೆಗಾರರನ್ನು ನಡುವೆ ಬಿಟ್ಟುಬರಲಾರದ ಸಂಕೋಚವೂ ಆಗಿರಬಹುದು. ಆದುದರಿಂದ ತಂತಿಯನ್ನು ಕಿತ್ತು ನಿಲ್ಲಿಸುವುದಕ್ಕಿಂತ, ಆಟ ಆರಂಭವಾಗುವ ಮೊದಲೇ ಮುಗಿಸುವ ವೇಳೆಯನ್ನು ಇಬ್ಬರೂ ಒಪ್ಪಿ ಗೊತ್ತುಪಡಿಸಿಕೊಳ್ಳುವುದು ಉತ್ತಮ. ಎಷ್ಟು ಹೊತ್ತು ಆಡುತ್ತೀಯೆಂದು ಕೇಳುವುದರ ಜೊತೆಗೆ ಯಾರೊಂದಿಗೆ ಆಡುತ್ತೀಯೆಂದೂ ಕೇಳಬೇಕು. ಮಾಟ್ಸ್ ಸ್ಟೀನ್ ಅವರ ತಂದೆತಾಯಿಗೆ ಮಗನ ಗೆಳೆಯರ ಬಳಗದ ವಿಸ್ತಾರ ತಿಳಿದದ್ದು ಅವರು ಹೋದ ಮೇಲೆ.

ವಿದ್ಯಾರ್ಥಿಗಳು ಭಾರತದ ವೇಳೆಗೆ ಹೊಂದುವ ಗಿಲ್ಡ್‌ಗಳನ್ನು ಆಯ್ದುಕೊಂಡರೆ ನಿದ್ರೆಗೆಡುವುದು ತಪ್ಪುತ್ತದೆ. ಪರೀಕ್ಷೆ ಇದೆ, ಈ ತಿಂಗಳು ಬರಲಾರೆ ಎಂದು ಮೊದಲೇ ತಿಳಿಸಿದರೆ ಒಳ್ಳೆಯ ಗಿಲ್ಡ್ ಅದನ್ನು ಗೌರವಿಸುತ್ತದೆ. ನಿಜವಾದ ಹೆಸರು, ಶಾಲೆ, ಮನೆಯ ವಿಳಾಸ, ದೂರವಾಣಿ ಸಂಖ್ಯೆ ಮತ್ತು ಪಾಸ್‌ವರ್ಡ್‌ಗಳನ್ನು ಆಟದೊಳಗೆ ಯಾರಿಗೂ ಕೊಡಬಾರದು. ಆಟದ ಖಾತೆಗೆ ಮನೆಯವರ ಬ್ಯಾಂಕ್ ಕಾರ್ಡ್ ಅಥವಾ ಯುಪಿಐ ಜೋಡಿಸದಿರುವುದು ಕ್ಷೇಮ.

ಆಟವು ನಿದ್ರೆ, ಊಟ, ಓದು ಮತ್ತು ಮನೆಯವರೊಡನೆ ಮಾತು ಈ ನಾಲ್ಕನ್ನೂ ಕಸಿದುಕೊಳ್ಳುತ್ತಿದೆಯೆಂದು ಅನ್ನಿಸಿದಾಗ ಸಹಾಯ ಕೇಳಲು ಹಿಂಜರಿಯಬೇಕಾಗಿಲ್ಲ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಇದು ಉಚಿತವಾಗಿದ್ದು, ದಿನದ 24 ಗಂಟೆಯೂ ಲಭ್ಯವಿದೆ, ಕನ್ನಡದಲ್ಲಿಯೂ ಮಾತನಾಡಬಹುದು.